ಇಳಿಯುವ ಜ್ವರದ ಲೆಕ್ಕ



ನಾವು ನೆಲೆಸಿರುವ ಈ ಜಾರ್ಜಿಯವೂ ಒಂದು ಕಾಲಕ್ಕೆ ಮಲೇರಿಯಾದ ಬೀಡಾಗಿತ್ತೆಂದರೆ ನಮ್ಮ ಮಕ್ಕಳು ನಂಬಲಾರರು. ಕಮ್ಮಿಂಗ್‌ನಿಂದ ಬಹುದೂರ ದಕ್ಷಿಣದ ಬೇಕರ್ ಕೌಂಟಿಯಲ್ಲಿ, ಕೋಕಾಕೋಲಾದ ರಾಬರ್ಟ್ ವುಡ್ರಫ್ ಅವರ ಎಸ್ಟೇಟಿನ ಸುತ್ತಲಿನ ಬಡಜನರು ಚಳಿಜ್ವರದಿಂದ ನರಳುತ್ತಿದ್ದರು. ಅವರ ನೆರವಿನಿಂದ ಎಮರಿ ವಿಶ್ವವಿದ್ಯಾನಿಲಯವು 1939ರಲ್ಲಿ ಅಲ್ಲೊಂದು ಕ್ಷೇತ್ರಕೇಂದ್ರವನ್ನು ತೆರೆದು, ಜನರ ರಕ್ತವನ್ನೂ ಸೊಳ್ಳೆಗಳನ್ನೂ ಪರೀಕ್ಷಿಸುತ್ತ ರೋಗದ ಜಾಡು ಹಿಡಿಯಿತು. ದಕ್ಷಿಣದ ರಾಜ್ಯಗಳಲ್ಲಿ ಡಿ.ಡಿ.ಟಿ. ಬರುವ ಮುನ್ನವೇ ರೋಗವು ಇಳಿಮುಖವಾಗಿತ್ತು. ಜನರ ವಲಸೆ, ಉತ್ತಮ ವಸತಿಗಳು ಅದಕ್ಕೆ ಕಾರಣ. 1951ರ ವೇಳೆಗೆ ಅಮೆರಿಕದಲ್ಲಿ ಅದು ನಿರ್ಮೂಲವಾಯಿತು.

ನಮ್ಮ ನಾಡಿನ ಕಥೆ ಬೇರೆ. ಇರ್ವಿನ್ ನಾಲೆಯು ಮಂಡ್ಯಕ್ಕೆ ಭತ್ತ, ಕಬ್ಬುಗಳೊಡನೆ ಮಲೇರಿಯವನ್ನೂ ತಂದಿತು. 1953ರ ರಾಷ್ಟ್ರೀಯ ಕಾರ್ಯಕ್ರಮದ ನಂತರ ಭಾರತದಲ್ಲಿ ದಾಖಲಾದ ರೋಗಿಗಳ ಸಂಖ್ಯೆ 1965ರಲ್ಲಿ ಸುಮಾರು ಒಂದು ಲಕ್ಷಕ್ಕಿಳಿಯಿತು. ಇನ್ನು ಸೊನ್ನೆಯೇ ಎಂದು ಹಲವರು ಎಣಿಸಿದರು. ಕಾವಲು ಸಡಿಲವಾಯಿತು, ಸೊಳ್ಳೆಯು ಡಿ.ಡಿ.ಟಿ.ಗೆ ಒಗ್ಗಿಕೊಂಡಿತು. 1976ರಲ್ಲಿ ಸಂಖ್ಯೆ ಅರವತ್ತನಾಲ್ಕು ಲಕ್ಷ ಮುಟ್ಟಿತು!

ಇಳಿಯುವ ರೇಖೆಯನ್ನು ಮುಂದಕ್ಕೆಳೆದರೆ ಅದು ಭವಿಷ್ಯವಾಗದು. ಇಳಿತದ ಕಾರಣ ಉಳಿಯುವುದೇ ಎಂದು ಕೇಳಬೇಕು. ಬಾಲ್ಯದಲ್ಲಿ ಪಡೆದ ರೋಗನಿರೋಧಶಕ್ತಿಯೂ ಪರದೇಶವಾಸದಲ್ಲಿ ಕುಂದುತ್ತದೆ. ಆದುದರಿಂದ ಊರಿಗೆ ಹೊರಡುವ ಮುನ್ನ ವೈದ್ಯರನ್ನು ಕಾಣಿರಿ. ಮರಳಿದ ಮೇಲೆ ಜ್ವರ ಬಂದರೆ ಊರಿಗೆ ಹೋಗಿದ್ದುದನ್ನು ಮೊದಲು ತಿಳಿಸಿರಿ.