ಧ್ವನಿಗೆ ತೆತ್ತ ವಿದ್ಯುತ್ತಿನ ಬೆಲೆ

ಬಾನುಲಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗಾಯಕರನ್ನೂ ವಾರ್ತಾವಾಚಕರನ್ನೂ ನೆನೆಯುತ್ತಾರೆ. ಅವರ ಕಂಠವನ್ನು ನಮ್ಮ ಮನೆಯೊಳಗೆ ದೊಡ್ಡದಾಗಿಸಿ ಕೇಳಿಸುವ ಧ್ವನಿವರ್ಧಕವು ಎಷ್ಟು ವಿದ್ಯುತ್ತನ್ನು ತಿಂದು ಎಷ್ಟನ್ನು ಧ್ವನಿಯಾಗಿ ಹಿಂದಿರುಗಿಸಿತೆಂಬ ಲೆಕ್ಕವನ್ನು ಕೇಳುವವರು ಕಡಮೆ. ಗೋಡೆಯಲ್ಲಿ ಪ್ಲಗ್ಗು ಇರುವ ಪೇಟೆಯ ಮನೆಗೆ ಈ ಲೆಕ್ಕ ದೊಡ್ಡದಲ್ಲ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಣ ಹಳ್ಳಿಗಳಲ್ಲಿ, ವಿದ್ಯುತ್ತಿನ ತಂತಿ ಇನ್ನೂ ಬಾರದಿದ್ದ ಮನೆಗಳಲ್ಲಿ, ರೇಡಿಯೋ ಮಾತನಾಡುವುದೋ ಮೌನವಾಗಿ ಕುಳಿತುಕೊಳ್ಳುವುದೋ ಎಂಬುದು ಈ ಲೆಕ್ಕವನ್ನೇ ಅವಲಂಬಿಸಿತ್ತು.

ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದರು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಪ್ರಾರಂಭವಾಯಿತು. ಪ್ರಸಾರ ಬಂದರೆ ಸಾಲದು, ಅದನ್ನು ಕೇಳಲು ಪೆಟ್ಟಿಗೆ ಬೇಕು; ಪೆಟ್ಟಿಗೆಗೆ ಆಹಾರ ಬೇಕು. ಆ ಕಾಲದ ಬ್ಯಾಟರಿ ರೇಡಿಯೋಗಳಿಗೆ ವಾಲ್ವಿನ ತಂತುವನ್ನು ಕಾಯಿಸಲು ಒಂದು, ಧ್ವನಿಯನ್ನು ಹೊರಡಿಸಲು 90 ವೋಲ್ಟಿನ ಇನ್ನೊಂದು, ಹೀಗೆ ಎರಡು ಬಗೆಯ ವಿದ್ಯುತ್ತು ಬೇಕಾಗುತ್ತಿತ್ತು. ಡ್ರೈ ಬ್ಯಾಟರಿ ಮುಗಿಯಿತೆಂದರೆ ಪೇಟೆಗೆ ಹೋಗಿ ಹೊಸದನ್ನು ಕೊಂಡು ತರುವ ತನಕ ವಾರ್ತೆಯೂ ಇಲ್ಲ, ಹಾಡೂ ಇಲ್ಲ.

ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು 'ಎ' ವರ್ಗದ ವರ್ಧಕಗಳು. ಇದನ್ನು ನಮ್ಮ ಕೆರೆಯ ತೂಬಿಗೆ ಹೋಲಿಸಬಹುದು. ಗದ್ದೆಗೆ ನೀರು ಬೇಕಾಗಲಿ ಬೇಡವಾಗಲಿ ತೂಬನ್ನು ಸದಾ ಅರ್ಧ ತೆರೆದಿಟ್ಟು, ಬೇಕಾದಾಗ ಇನ್ನಷ್ಟು ಎತ್ತುವುದು, ಬೇಡವಾದಾಗ ಕೊಂಚ ಇಳಿಸುವುದು. ಇದು 'ಎ' ವರ್ಗದ ಕ್ರಮ. ನೀರಿನ ಏರಿಳಿತ ಸೊಗಸಾಗಿ ಕೈಗೆ ಸಿಗುತ್ತದೆ, ಧ್ವನಿ ಶುದ್ಧವಾಗಿರುತ್ತದೆ. ಆದರೆ ಹರಿದು ಹೋಗುವ ನೀರೂ ಅಷ್ಟೇ ಹೆಚ್ಚು. ಶಾಸ್ತ್ರದ ಲೆಕ್ಕದಂತೆ ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪೀಕರಿಗೆ ಜೋಡಿಸಿದ 'ಎ' ವರ್ಗದ ಅತ್ಯಧಿಕ ದಕ್ಷತೆ ನೂರಕ್ಕೆ 50. ಉದಾಹರಣೆಗೆ ಬ್ಯಾಟರಿ ಸೆಟ್ಟುಗಳಲ್ಲಿ ಪ್ರಚಲಿತವಾಗಿದ್ದ ಡಿಎಲ್ 92 ವಾಲ್ವು 90 ವೋಲ್ಟಿನಲ್ಲಿ 7.4 ಮಿಲಿಆಂಪ್ ಎಳೆಯುತ್ತಿತ್ತು. ಅಂದರೆ ಸುಮಾರು 666 ಮಿಲಿವ್ಯಾಟ್. ಅದು ಕೊಡಬಲ್ಲ ಗರಿಷ್ಠ ಧ್ವನಿ 270 ಮಿಲಿವ್ಯಾಟ್, ಎಂದರೆ ನೂರಕ್ಕೆ 40. ಸಣ್ಣ ಕೋಣೆಯಲ್ಲಿ 50 ಮಿಲಿವ್ಯಾಟಿನಷ್ಟು ಮೆಲ್ಲಗೆ ಕೇಳಿದರೆ ದಕ್ಷತೆ ನೂರಕ್ಕೆ ಏಳೂವರೆಗೆ ಇಳಿಯುತ್ತದೆ. ವಾರ್ತಾವಾಚಕರು ಉಸಿರೆಳೆದುಕೊಳ್ಳುವ ಮೌನದಲ್ಲೂ ಬ್ಯಾಟರಿ ಕರಗುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಬಹು ಹಿಂದೆಯೇ ತಿಳಿದಿತ್ತು. ಅಮೆರಿಕದ ಎಡ್ವಿನ್ ಕಾಲ್ಪಿಟ್ಸ್ 1912ರ ಸುಮಾರಿಗೆ ಎರಡು ವಾಲ್ವುಗಳನ್ನು ಜೋಡಿಯಾಗಿ ದುಡಿಸುವ 'ಪುಷ್-ಪುಲ್' ಕ್ರಮವನ್ನು ರೂಪಿಸಿದ್ದನು. ಒಂದು ವಾಲ್ವು ತಳ್ಳಿದರೆ ಇನ್ನೊಂದು ಎಳೆಯುತ್ತದೆ. ತನ್ನ ಸರದಿ ಬಾರದ ವಾಲ್ವು ವಿಶ್ರಮಿಸುತ್ತದೆ. ಹೀಗೆ ವಿಶ್ರಮಿಸುವ ಜೋಡಿಯೇ 'ಬಿ' ವರ್ಗ. ಆರ್.ಸಿ.ಎ. ಸಂಸ್ಥೆಯ ಲಾಯ್ ಬಾರ್ಟನ್ 1931ರಲ್ಲಿ ಇದನ್ನು ಧ್ವನಿಗೆ ಬಳಸುವ ಬಗೆಯನ್ನು ವಿವರಿಸಿದನು. ಇದರ ಅತ್ಯಧಿಕ ದಕ್ಷತೆ ನೂರಕ್ಕೆ 78.5. ಅದಕ್ಕಿಂತ ಮುಖ್ಯವಾದುದೆಂದರೆ, ಮೌನದಲ್ಲಿ ಖರ್ಚು ಬಹಳ ಸ್ವಲ್ಪ. ದೋಷವೂ ಉಂಟು: ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಕೆಲಸ ದಾಟುವ ಸಂಧಿಯಲ್ಲಿ ಧ್ವನಿ ಕೊಂಚ ಸೊಟ್ಟಗಾಗುತ್ತದೆ, ವೀಣೆಯ ಕ್ಷೀಣಿಸುವ ನಾದದಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಇಬ್ಬರೂ ಸದಾ ಸ್ವಲ್ಪ ಎಚ್ಚರವಾಗಿರುವಂತೆ ಮಾಡಿ ಈ ದೋಷವನ್ನು ನೀಗಿಸಿದ ರಾಜಿಯೇ 'ಎಬಿ' ವರ್ಗ.

ಹಾಗಾದರೆ ಹಳ್ಳಿಯ ರೇಡಿಯೋಗಳು 'ಎ' ವರ್ಗವನ್ನೇ ಏಕೆ ನೆಚ್ಚಿಕೊಂಡವು? ಜೋಡಿ ವಾಲ್ವೆಂದರೆ ಕಾಯಿಸಬೇಕಾದ ತಂತುಗಳೂ ಹೆಚ್ಚು, ಬಿಡಿಭಾಗಗಳೂ ಹೆಚ್ಚು. ಉಳಿಸಿದ್ದನ್ನು ಇನ್ನೊಂದು ಬಾಗಿಲಿನಿಂದ ಕಳೆದುಕೊಂಡಂತಾಗುತ್ತಿತ್ತು. ಆದುದರಿಂದ ತಯಾರಕರು ತಂತುವನ್ನೇ ಮಿತವ್ಯಯಿಯಾಗಿಸಿದರು. ಡಿಎಲ್ 92ರ ತಂತು 100 ಮಿಲಿಆಂಪ್ ಬೇಡುತ್ತಿದ್ದರೆ ಮುಂದೆ ಬಂದ ಡಿಎಲ್ 96 ಅದರ ಅರ್ಧದಲ್ಲೇ ತೃಪ್ತಿ ಹೊಂದಿತು.

ನಿಜವಾದ ಬಿಡುಗಡೆ ದೊರೆತದ್ದು 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿನಿಂದ. ಅದಕ್ಕೆ ಕಾಯಿಸಬೇಕಾದ ತಂತುವೇ ಇಲ್ಲ. ಆದುದರಿಂದ ಜೋಡಿಯಾಗಿ ದುಡಿಸಲು ಅಡ್ಡಿಯಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಜರ್ಮೇನಿಯಂ ಸಾಧನಗಳ ತಯಾರಿಕೆಗೆ ತೊಡಗಿತು. ಟಾರ್ಚಿನ ಸೆಲ್ಲುಗಳಿಂದಲೇ ನುಡಿಯುವ ರೇಡಿಯೋ ಮನೆಯ ಮೂಲೆಯನ್ನು ಬಿಟ್ಟು ಹೊಲದ ಬದುವಿಗೆ ನಡೆಯಿತು.

ಪ್ರಸಾರಯಂತ್ರದ ಕಡೆಯೂ ಇದೇ ಕಥೆ. ನೂರು ಕಿಲೋವ್ಯಾಟ್ ಹೊರಡಿಸುವ ಯಂತ್ರದ ದಕ್ಷತೆ ನೂರಕ್ಕೆ 50 ಆದರೆ 200 ಕಿಲೋವ್ಯಾಟ್ ಬೇಕು. 80 ಆದರೆ 125 ಸಾಕು. ಮಧ್ಯಮ ತರಂಗದಲ್ಲಿ ಧ್ವನಿ ಅಲೆಯ ಎತ್ತರದಲ್ಲಿ ಅಡಗಿರುವುದರಿಂದ ಅಗ್ಗದ ದಾರಿ ಸುಲಭವಲ್ಲ. ಇದಕ್ಕಾಗಿ ವಿಲಿಯಂ ಡೊಹರ್ಟಿ 1936ರಲ್ಲಿ ಜಾಣ ಉಪಾಯವನ್ನು ಕಂಡುಹಿಡಿದನು. ಎಫ್.ಎಂ.ನಲ್ಲಿ ಅಲೆಯ ಎತ್ತರ ಬದಲಾಗದು. ಆದುದರಿಂದ ಹಾಸನದ ನಿಲಯದಂಥ ಎಫ್.ಎಂ. ಕೇಂದ್ರಗಳಿಗೆ ಇನ್ನೂ ಮಿತವ್ಯಯದ 'ಸಿ' ವರ್ಗವೂ ಒಗ್ಗುತ್ತದೆ. ಸ್ವಿಚ್ಚಿನಂತೆ ಪೂರ್ತಿ ತೆರೆದು ಪೂರ್ತಿ ಮುಚ್ಚುವ 'ಡಿ' ವರ್ಗದ ಧ್ವನಿವರ್ಧಕವನ್ನು 1964ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಕಂಪೆನಿ ಮಾರಾಟಕ್ಕಿಟ್ಟಾಗ ಅದು ಗೆಲ್ಲಲಿಲ್ಲ. ಇಂದು ನೂರಕ್ಕೆ 90ರ ಆಸುಪಾಸಿನ ದಕ್ಷತೆಯಿಂದ ಅದು ಟೆಲಿವಿಷನ್ನಿನಲ್ಲೂ ಕೈಫೋನಿನಲ್ಲೂ ನೆಲೆಸಿದೆ.

ಈ ಚರಿತ್ರೆಯಿಂದ ಗೃಹಸ್ಥರು ಒಂದು ವ್ಯತ್ಯಾಸವನ್ನು ಗಮನಿಸಬಹುದು. ಟ್ರಾನ್ಸಿಸ್ಟರ್ ರೇಡಿಯೋವಿನ ಧ್ವನಿಯನ್ನು ತಗ್ಗಿಸಿದರೆ ಸೆಲ್ಲು ಹೆಚ್ಚು ದಿನ ಬರುತ್ತದೆ. 'ಎ' ವರ್ಗದ ಹಳೆಯ ಪೆಟ್ಟಿಗೆಯಲ್ಲಿ ಹಾಗಲ್ಲ. ಎಷ್ಟು ತಗ್ಗಿಸಿದರೂ ಉಳಿತಾಯವಿಲ್ಲ, ಪೂರ್ತಿ ಆರಿಸಿದರೆ ಮಾತ್ರ ಉಂಟು. ವಾರ್ತೆ ಮುಗಿಯುತ್ತಲೇ ಎದ್ದುಹೋಗಿ ರೇಡಿಯೋ ಆರಿಸುತ್ತಿದ್ದ ಹಿರಿಯರದು ಜಿಪುಣತನವಾಗಿರಲಿಲ್ಲ; ನಾಳೆಯ ವಾರ್ತೆಯನ್ನು ಕೇಳಲು ಅದೊಂದೇ ದಾರಿಯಾಗಿತ್ತು.