ಲ್ಯಾಮಿನೇಟ್ ಫ್ಲೋರಿಂಗ್ ಹಾಕಿಸ್ತೀರಾ? ಮೊದಲು ಕೆಳಗಿನ ಅಂಡರ್‌ಲೇ ನೋಡಿ

ಲ್ಯಾಮಿನೇಟ್ ಫ್ಲೋರಿಂಗ್ ಹಾಕಿಸೋರು ಬಣ್ಣ, ಡಿಸೈನ್ ಆರಿಸೋಕೆ ವಾರಗಟ್ಟಲೆ ಓಡಾಡ್ತಾರೆ. ಅದರ ಕೆಳಗೆ ಹಾಸುವ ಅಂಡರ್‌ಲೇ ವಿಷಯಕ್ಕೆ ಬಂದರೆ ‘ಯಾವುದಾದ್ರೂ ಫೋಮ್ ಹಾಕಿ’ ಅಂತ ಬಿಟ್ಟುಬಿಡ್ತಾರೆ. ಮಳೆಗಾಲದಲ್ಲಿ ಹಲಗೆಯ ಅಂಚು ಉಬ್ಬಿದಾಗಲೇ ತಪ್ಪು ಗೊತ್ತಾಗೋದು. ಲ್ಯಾಮಿನೇಟ್ ಹಲಗೆಯ ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್. ತೇವ ಕುಡಿದು ಒಮ್ಮೆ ಉಬ್ಬಿದರೆ ಅದು ಮತ್ತೆ ಮೊದಲಿನಂತೆ ಆಗಲ್ಲ.

ಮೊದಲು ತೇವ ಪರೀಕ್ಷೆ

ಹಲಸೂರು ಕೆರೆ, ಕೆ.ಆರ್. ಪುರದ ವೆಂಗಯ್ಯನ ಕೆರೆ ಸುತ್ತಲಿನ ತಗ್ಗು ಜಾಗದ ಮನೆಗಳು ಮತ್ತು ಶಿವಾಜಿನಗರದ ಹಳೇ ಕಟ್ಟಡಗಳ ನೆಲಮಹಡಿಯಲ್ಲಿ ಈ ಪರೀಕ್ಷೆ ಬಿಡಲೇಬಾರದು. ಹಳೇ ರೆಡ್ ಆಕ್ಸೈಡ್ ನೆಲದ ಕೆಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ತಡೆ ಇರುವುದಿಲ್ಲ.

18 ಇಂಚು ಚೌಕದ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಕಡೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಾದರೆ ತೇವ ಇದೆ ಎಂದರ್ಥ. ಏಪ್ರಿಲ್ ಬಿಸಿಲಿನಲ್ಲಿ ಒಣಗಿದಂತೆ ಕಾಣುವ ನೆಲ ಅಕ್ಟೋಬರ್‌ನಲ್ಲಿ ಬೇರೆಯೇ ಇರುತ್ತೆ. ಹಾಗಾಗಿ ಮಳೆ ಬಂದ ಮೇಲೆ ಇನ್ನೊಮ್ಮೆ ನೋಡಿ.

ಎಲ್ಲಿಗೆ ಯಾವುದು?

* ನೆಲಮಹಡಿ: 200 ಮೈಕ್ರಾನ್ ಪಾಲಿಥಿನ್ ಹಾಳೆ ಹಾಸಿ, ಅದರ ಮೇಲೆ 2-3 ಮಿ.ಮೀ. ಫೋಮ್. ಹಾಳೆಗಳು ಒಂದರ ಮೇಲೊಂದು 20 ಸೆಂ.ಮೀ. ಬರಬೇಕು, ಸಂದಿಗೆ ಟೇಪ್ ಇರಬೇಕು. ತೇವ ತುಂಬಾ ಇದ್ದರೆ ಮೊದಲು ವಾಟರ್‌ಪ್ರೂಫಿಂಗ್ ಆಗಲಿ.
* ಮಹಡಿ ಮನೆ, ಅಪಾರ್ಟ್‌ಮೆಂಟ್: ಇಂದಿರಾನಗರದ ಬಹುಮಹಡಿ ಮನೆಗಳಲ್ಲಿ ಮುಖ್ಯ ತೊಂದರೆ ಕೆಳಗಿನವರಿಗೆ ಕೇಳುವ ಹೆಜ್ಜೆ ಸದ್ದು. ಒತ್ತೊತ್ತಾದ ಐಎಕ್ಸ್‌ಪಿಇ, ಕಾರ್ಕ್ ಅಥವಾ ರಬ್ಬರ್ ಒಳ್ಳೆಯದು. ಕಾರ್ಕ್ ತೇವ ತಡೆಯಲ್ಲ, ಕೆಳಗೆ ಹಾಳೆ ಬೇಕು.
* ಅಂಗಡಿ, ಆಫೀಸು: ಅಗ್ಗದ ಮೆತ್ತನೆಯ ಇಪಿಇ ಫೋಮ್ ರ್‍ಯಾಕ್, ಬೀರುಗಳ ಭಾರಕ್ಕೆ ಚಪ್ಪಟೆಯಾಗುತ್ತೆ. ಗಟ್ಟಿಯಾದ ಎಕ್ಸ್‌ಪಿಎಸ್ ಕೇಳಿ.

ದಪ್ಪ ಇದ್ದಷ್ಟೂ ಒಳ್ಳೆಯದಾ?

ಅಲ್ಲ. ದಪ್ಪ ಮೆತ್ತನೆ ಫೋಮ್ ಮೇಲೆ ನಡೆದಾಗಲೆಲ್ಲ ಹಲಗೆ ಬಾಗಿ, ಕ್ಲಿಕ್ ಲಾಕ್ ಮುರಿಯುತ್ತೆ. ನೆಲದ ಏರುತಗ್ಗನ್ನು ಫೋಮ್ ಮುಚ್ಚೋದೂ ಇಲ್ಲ. 2 ಮೀಟರ್ ಪಟ್ಟಿ ಇಟ್ಟಾಗ ಕೆಳಗೆ 3 ಮಿ.ಮೀ.ಗಿಂತ ಜಾಸ್ತಿ ಸಂದಿ ಕಂಡರೆ ಮೊದಲು ಲೆವೆಲ್ ಮಾಡಿಸಿ. ಹಲಗೆಯ ಬೆನ್ನಿಗೇ ಪ್ಯಾಡ್ ಅಂಟಿ ಬಂದಿದ್ದರೆ ಇನ್ನೊಂದು ಫೋಮ್ ಬೇಡ, ಆದರೆ ನೆಲಮಹಡಿಯಲ್ಲಿ ಪಾಲಿಥಿನ್ ಹಾಳೆ ಬೇಕು. ಗೋಡೆ ಪಕ್ಕ ಸುಮಾರು 10 ಮಿ.ಮೀ. ಜಾಗ ಬಿಡಿಸಿ.

ನೀರು ನುಗ್ಗುವ ಮನೆಗೆ ಬೇಡ

ಅಂಡರ್‌ಲೇ ತಡೆಯುವುದು ಕೆಳಗಿನ ತೇವವನ್ನು, ಬಾಗಿಲಿನಿಂದ ಬರುವ ನೀರನ್ನಲ್ಲ. 2025ರ ಮೇ ಮಳೆಯಲ್ಲಿ ಹೊರಮಾವಿನ ಸಾಯಿ ಲೇಔಟ್‌ನಲ್ಲಿ ಆದ ಹಾಗೆ ಮನೆಯೊಳಗೆ ನೀರು ಬರುವ ಕಡೆ ಎಷ್ಟೇ ದುಬಾರಿ ಅಂಡರ್‌ಲೇ ಹಾಕಿದರೂ ಲ್ಯಾಮಿನೇಟ್ ಉಳಿಯಲ್ಲ. ಅಲ್ಲಿಗೆ ಟೈಲ್ಸೇ ಸರಿ.

ಖರೀದಿಸುವಾಗ ಅಂಡರ್‌ಲೇ ಯಾವ ಬಗೆಯದು, ಎಷ್ಟು ಮಿ.ಮೀ., ತೇವ ತಡೆ ಹಾಳೆ ಸೇರಿದೆಯೇ ಅನ್ನೋದನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ. ಹಲಗೆಯ ವಾರಂಟಿ ಷರತ್ತಿನಲ್ಲಿ ಅಂಡರ್‌ಲೇ ಬಗ್ಗೆ ಏನಿದೆ ಎಂಬುದನ್ನೂ ಕೆಲಸ ಶುರುವಾಗುವ ಮೊದಲೇ ಓದಿ.