ಅಬ್ಬಲೂರ ಜಯಪತ್ರವೂ ಆದಿಕ್ರೈಸ್ತರ ಒಂದು ವ್ಯಾಜ್ಯವೂ

ಮತಸಿದ್ಧಾಂತಗಳ ಚರಿತ್ರೆಯನ್ನು ಬರೆಯುವವರು ರಾಜಕೀಯವನ್ನು ಹೊರಗಿನ ವಿಷಯವೆಂದೆಣಿಸಿ ಬದಿಗಿಡುವುದುಂಟು. ಸಿದ್ಧಾಂತವು ಆಚಾರ್ಯರ ಚಿಂತನೆಯಿಂದ ಹುಟ್ಟಿತು, ಅರಸರು ಬಳಿಕ ಅದಕ್ಕೆ ಆಶ್ರಯವಿತ್ತರು ಎಂಬುದು ಅವರ ಅಭಿಪ್ರಾಯ. ಇದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಎರಡು ನಿದರ್ಶನಗಳಿಂದ ಪರೀಕ್ಷಿಸೋಣ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ನೆರೆಯದಾದ ಹಿರೇಕೆರೂರು ಸೀಮೆಯಲ್ಲಿ ಅಬ್ಬಲೂರೆಂಬ ಗ್ರಾಮವಿದೆ. ಸುಮಾರು ಕ್ರಿ. ಶ. 1200ರ ಅಲ್ಲಿಯ ಶಾಸನವನ್ನು ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಳಂದೆಯ ಏಕಾಂತದ ರಾಮಯ್ಯನು ಪುಲಿಗೆರೆಯ ಮಾರ್ಗವಾಗಿ ಅಬ್ಬಲೂರಿಗೆ ಬಂದು ಶಿವನೇ ಪರದೈವವೆಂದು ಜೈನರೊಡನೆ ವಾದಿಸಿದನು. ಸೋತರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುವೆವೆಂದು ಅವರಿಂದ ಓಲೆಯನ್ನು ಬರೆಯಿಸಿಕೊಂಡನು. ತನ್ನ ತಲೆಯನ್ನರಿದು ಶಿವನಿಗೊಪ್ಪಿಸಿ ಏಳು ದಿನಗಳ ಬಳಿಕ ಮರಳಿ ಪಡೆದನು. ಜೈನರು ಮಾತಿಗೆ ತಪ್ಪಲು ಬಿಂಬವನ್ನು ಒಡೆದನು. ಅವರು ಬಿಜ್ಜಳನಲ್ಲಿ ದೂರಿಟ್ಟರು. ರಾಮಯ್ಯನು ಓಲೆಯನ್ನು ಮುಂದಿಟ್ಟನು. ಬಿಜ್ಜಳನು ಅವನಿಗೆ ಜಯಪತ್ರವನ್ನಿತ್ತು ಗೋಗಾವೆಯನ್ನು ದೇವರಿಗೆ ದತ್ತಿಬಿಟ್ಟನು. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರನೂ ಹಾನಗಲ್ಲ ಕದಂಬ ಕಾಮದೇವನೂ ಊರುಗಳನ್ನು ಬಿಟ್ಟರು.

ಇಲ್ಲಿ ಗಮನಿಸತಕ್ಕದ್ದು ಪವಾಡಕ್ಕಿಂತ ಜಯಪತ್ರ. ಅದು ಧರ್ಮಶಾಸ್ತ್ರದ ವ್ಯವಹಾರಕಾಂಡದ ಮಾತು. ವ್ಯಾಜ್ಯದಲ್ಲಿ ಗೆದ್ದವನಿಗೆ ಸಭೆಯಿಂದ ಸಲ್ಲುವ ಪತ್ರ. ಹೋದ ತಲೆಯೇ ಮರಳಿ ಬಂದರೂ ಪತ್ರವು ಬೇಕಾಯಿತು. ದೈವದ ಪಾರಮ್ಯವು ಅರಸನ ತೀರ್ಪಿನಿಂದ ಲೋಕದಲ್ಲಿ ನೆಲೆಗೊಂಡಿತು. ಹಾಗೂ ಆ ತೀರ್ಪನ್ನು ಮೊದಲು ಬೇಡಿದವರು ಸೋತವರೇ.

ಇದೇ ಬಗೆಯು ಆಫ್ರಿಕದ ಕ್ರೈಸ್ತಸಭೆಯಲ್ಲಿ ಕಾಣುತ್ತದೆ. ಹಿಂಸೆಯ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರಿಂದಾದ ಸಂಸ್ಕಾರವು ಸಲ್ಲುವುದೇ ಎಂಬುದು ಪ್ರಶ್ನೆ. ಸಲ್ಲದೆಂದ ಪಕ್ಷದವರು, ಮುಂದೆ ಡೊನಾಟಿಸ್ಟರೆನಿಸಿಕೊಂಡವರು, 313ರಲ್ಲಿ ತಾವಾಗಿಯೇ ಚಕ್ರವರ್ತಿ ಕಾನ್‌ಸ್ಟಂಟೈನನ ಮೊರೆಹೊಕ್ಕರು. 314ರ ಆರ್ಲ್ ಸಭೆಯೂ 316ರಲ್ಲಿ ಚಕ್ರವರ್ತಿಯೂ ಅವರಿಗೆ ವಿರೋಧವಾಗಿ ತೀರ್ಮಾನಿಸಿದ ಮೇಲೆ, ಸಭೆಯ ವಿಷಯದಲ್ಲಿ ಅರಸನಿಗೇನು ಕೆಲಸವೆಂಬ ಆಕ್ಷೇಪವು ಅವರಿಂದಲೇ ಹೊರಟಿತು. 411ರಲ್ಲಿ ಕಾರ್ಥೇಜಿನ ವಾದಸಭೆಗೆ ಅಧ್ಯಕ್ಷನಾಗಿ ತೀರ್ಪಿತ್ತವನು ಮಾರ್ಸೆಲ್ಲಿನಸನೆಂಬ ರಾಜಾಧಿಕಾರಿ. ಬಲಾತ್ಕಾರವು ಸಲ್ಲದೆಂದು ಮೊದಲು ನಂಬಿದ್ದ ಆಗಸ್ಟೀನನು, ರಾಜಾಜ್ಞೆಗಳ ಫಲವನ್ನು ಕಂಡ ಬಳಿಕ, ಲೂಕನ ಸುವಾರ್ತೆಯ ಔತಣದ ದೃಷ್ಟಾಂತದಿಂದ ಅದನ್ನು ಸಮರ್ಥಿಸಿದನು. ಇಲ್ಲಿ ರಾಜಕೀಯವು ಸಿದ್ಧಾಂತಕ್ಕೆ ಬರಿಯ ಆಶ್ರಯವಾಗಿರದೆ ಅದರ ಒಡಲನ್ನೇ ಹೊಕ್ಕಿತು.

ಆದರೆ ಎರಡಕ್ಕೂ ಒಂದು ಭೇದವುಂಟು. ಕಾರ್ಥೇಜಿನ ಸಭೆಯ ನಡವಳಿಗಳು ಬಹುಮಟ್ಟಿಗೆ ಉಳಿದಿರುವುದರಿಂದ ಸೋತವರ ವಾದವನ್ನು ಅವರ ಮಾತಿನಲ್ಲಿಯೇ ಓದಬಹುದು. ಅಬ್ಬಲೂರ ಜೈನರು ಬಿಜ್ಜಳನ ಮುಂದೆ ಏನು ಹೇಳಿಕೊಂಡರೆಂಬುದನ್ನು ಗೆದ್ದವರ ಶಾಸನದಿಂದಲೇ ತಿಳಿಯಬೇಕಾಗಿದೆ. ಆದಕಾರಣ ಹರಿಹರನ ಏಕಾಂತರಾಮಿತಂದೆಯ ರಗಳೆಯನ್ನು ಪಾಠ ಹೇಳುವವರು ಶಾಸನವನ್ನೂ ಜೊತೆಗಿಟ್ಟುಕೊಳ್ಳುವುದು ಉಚಿತ. ಶಾಸನವನ್ನು ಓದುವವರು ಅದು ದತ್ತಿಯ ಹಕ್ಕನ್ನು ಕಾಯುವ ಪತ್ರವೂ ಹೌದೆಂಬುದನ್ನು ಮರೆಯಲಾಗದು. ಭಕ್ತಿಯು ನಿಜವಾದುದೇ, ಆದರೆ ಅದು ನಮ್ಮವರೆಗೆ ಬಂದುದು ರಾಜಮುದ್ರೆಯೊಡನೆ.